ವಿಟ್ಟರ್‌ಲೇಬೆನ್ನಿನ ರಪುಂಜೆಲ್ ಆಯ್ಕೆ

ನಮ್ಮೂರಲ್ಲಿ ರಪುಂಜೆಲ್ ಅಂದರೆ ಮೊದಲು ಸೊಪ್ಪು, ಆಮೇಲೆ ಹುಡುಗಿ. ಚಳಿಗಾಲದಲ್ಲಿ ಬೆಳೆಯುವ, ಮುಷ್ಟಿಯೊಳಗೆ ಮುಚ್ಚಿಹೋಗುವಷ್ಟು ಪುಟ್ಟ ಸೊಪ್ಪು. ಎಷ್ಟು ತೊಳೆದರೂ ಕೊನೆಯ ತುತ್ತಿನಲ್ಲಿ ಒಂದು ಮರಳಿನ ಕಣ ಹಲ್ಲಿಗೆ ಸಿಗುತ್ತದೆ. ಕತೆಯಲ್ಲಿ ಬಸುರಿ ಹೆಂಗಸೊಬ್ಬಳು ಪಕ್ಕದ ಮಾಟಗಾತಿಯ ತೋಟದ ಈ ಸೊಪ್ಪಿಗೆ ಆಸೆಪಟ್ಟಳು. ಗಂಡ ಕದಿಯಲು ಹೋಗಿ ಸಿಕ್ಕಿಬಿದ್ದ, ಸೊಪ್ಪಿಗೆ ಬದಲಾಗಿ ಹುಟ್ಟಲಿದ್ದ ಮಗುವನ್ನೇ ಕೊಡುತ್ತೇನೆಂದು ಒಪ್ಪಿಕೊಂಡ. ಮಾಟಗಾತಿ ಆ ಮಗುವಿಗೆ ಸೊಪ್ಪಿನ ಹೆಸರನ್ನೇ ಇಟ್ಟು, ಬೆಳೆದ ಮೇಲೆ ಬಾಗಿಲಿಲ್ಲದ ಗೋಪುರದಲ್ಲಿ ಕೂಡಿಹಾಕಿದಳು. ಕಿಟಕಿಯಿಂದ ಇಳಿಬಿಟ್ಟ ಹುಡುಗಿಯ ಉದ್ದ ಜಡೆಯೇ ಹತ್ತಲು ಏಣಿ. ಜನ ಗೋಪುರವನ್ನು, ಜಡೆಯನ್ನು ನೆನಪಿಟ್ಟುಕೊಂಡು ಈ ವ್ಯಾಪಾರವನ್ನು ಮರೆತುಬಿಟ್ಟಿದ್ದಾರೆ.

ಈಗ ಆ ಹೆಸರು ಎಲ್ಲೆಲ್ಲೂ ಇದೆ. ನಮ್ಮ ಶಿಶುವಿಹಾರಕ್ಕೆ ಅದೇ ಹೆಸರು. ಪೆಗ್ಗಿಯ ಕ್ಷೌರದಂಗಡಿಗೂ ಅದೇ. ಸೊಪ್ಪಿನ ಚೀಲದ ಮೇಲೆ ಗೋಪುರ, ಕಿಟಕಿ, ಹಳದಿ ಜಡೆ ಅಚ್ಚಾಗಿವೆ. ಪಕ್ಕದೂರಿನ ಹೋಟೆಲಿನಲ್ಲಿ ಮಧುಚಂದ್ರದವರಿಗೆ ಅಂತ ರಪುಂಜೆಲ್ ಕೋಣೆ ಇದೆ, ಮೂರನೇ ಮಹಡಿ, ಲಿಫ್ಟಿಲ್ಲ. ತನ್ನ ಕೂದಲನ್ನು ತಾನೇ ತಿಂದು ಹೊಟ್ಟೆಯಲ್ಲಿ ಉಂಡೆ ಕಟ್ಟಿಸಿಕೊಳ್ಳುವ ಕಾಯಿಲೆಗೂ ವೈದ್ಯರು ಇದೇ ಹೆಸರಿಟ್ಟಿದ್ದಾರಂತೆ. ಅದನ್ನು ಮಾತ್ರ ನಮ್ಮ ಸಂಘದ ಕರಪತ್ರದಲ್ಲಿ ಹಾಕಿಲ್ಲ.

ಸಂಘ ಅಂದರೆ ರಪುಂಜೆಲ್ ಸಂಘ. ಕಮ್ಯುನಿಸ್ಟರ ಕಾಲದ ಸರ್ಕಾರಿ ಕೂಡುಬೇಸಾಯ ಮುಚ್ಚಿದ ಮೇಲೆ ಉಳಿದ ಜಮೀನನ್ನು ಕೆಲವರು ಸೇರಿ ಸಹಕಾರಿ ಮಾಡಿಕೊಂಡರು. ಅದಕ್ಕೂ ಸಂಘಕ್ಕೂ ಅಧ್ಯಕ್ಷ ಹಾರ್ಟ್‌ವಿಗ್. ಬೇರೆ ಊರುಗಳಲ್ಲಿ ಬೆಳೆಯ ಹೆಸರು ಹೊತ್ತ ಈರುಳ್ಳಿ ರಾಣಿ, ದ್ರಾಕ್ಷಾರಸದ ರಾಣಿ ಇರುವಾಗ ನಮಗೇಕೆ ಇರಬಾರದು ಎಂದು ಅವನೇ ಈ ರಪುಂಜೆಲ್ ಆಯ್ಕೆಯನ್ನು ಶುರು ಮಾಡಿದ. ಎರಡು ವರ್ಷಕ್ಕೊಮ್ಮೆ ನವೆಂಬರಿನ ಒಂದು ಭಾನುವಾರ ಶಾಲೆಯ ಆಟದ ಹಾಲ್‌ನಲ್ಲಿ ಆಯ್ಕೆ. ಗೆದ್ದವಳು ಹಸಿರು ಉಡುಪು ತೊಟ್ಟು, ಜಡೆ ಮುಂದಕ್ಕೆ ಬಿಟ್ಟುಕೊಂಡು, ಜನವರಿಯಲ್ಲಿ ಬರ್ಲಿನ್ನಿನ ಕೃಷಿ ಮೇಳದಲ್ಲಿ ರಟ್ಟಿನ ಗೋಪುರದ ಕಿಟಕಿಯೊಳಗೆ ಕೂತು ಬಂದವರಿಗೆ ಸೊಪ್ಪಿನ ಪೊಟ್ಟಣ ಹಂಚುತ್ತಾಳೆ. ಜೊತೆಗೆ ಸಹಕಾರಿಯ ಆಫೀಸಿನಲ್ಲಿ ಮೂರು ವರ್ಷದ ತರಬೇತಿ ಹುದ್ದೆ ಅವಳಿಗೇ. ಮುಗಿದರೆ ಸರ್ಟಿಫಿಕೇಟು. ಆ ಸರ್ಟಿಫಿಕೇಟಿದ್ದರೆ ಎಲ್ಲಿ ಬೇಕಾದರೂ ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ ಸಿಗುತ್ತದೆ.

ಹಿಂದಿನ ರಪುಂಜೆಲ್ ನಾನೇ, ತಬೇಯಾ. ನಿಯಮದ ಪ್ರಕಾರ ಹಿಂದಿನವಳು ತೀರ್ಪುಗಾರರಲ್ಲಿ ಒಬ್ಬಳು. ಇನ್ನಿಬ್ಬರು ಹಾರ್ಟ್‌ವಿಗ್, ಕೂದಲು ಅಳೆಯುವುದಕ್ಕೆ ಪೆಗ್ಗಿ.

ಈ ಸಲ ಇಬ್ಬರೇ ಹೆಸರು ಕೊಟ್ಟಿದ್ದರು. ಒಬ್ಬಳು ಫೆಲಿನಾ, ಹಾರ್ಟ್‌ವಿಗ್‌ನ ತಮ್ಮನ ಮಗಳು. ಇನ್ನೊಬ್ಬಳು ಸ್ಮರಾಂಡಾ. ಅವಳ ತಾಯಿ ವಿಯೋರಿಕಾ ಹದಿನಾಲ್ಕು ವರ್ಷದ ಹಿಂದೆ ರುಮೇನಿಯಾದಿಂದ ಸೊಪ್ಪು ಕೊಯ್ಯಲು ಬಂದವಳು, ಮೂರು ವರ್ಷದ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು. ಮಿಕ್ಕವರು ವಸಂತ ಬಂದ ಕೂಡಲೇ ಬಸ್ಸು ಹತ್ತಿ ಹೋಗುತ್ತಿದ್ದರು, ಇವಳು ಉಳಿದುಬಿಟ್ಟಳು. ಸ್ಮರಾಂಡಾ ಓದಿದ್ದು ನಮ್ಮ ಶಾಲೆಯಲ್ಲಿ, ಬೈಯುವುದು ನಮ್ಮ ಭಾಷೆಯಲ್ಲಿ. ಹತ್ತನೇ ತರಗತಿ ಮುಗಿಸಿ ಒಂಬತ್ತು ಕಡೆ ತರಬೇತಿಗೆ ಅರ್ಜಿ ಹಾಕಿದ್ದಳು. ಒಂಬತ್ತು ಕಡೆಯಿಂದಲೂ ಆಗುವುದಿಲ್ಲ ಎಂಬ ಉತ್ತರ, ಕೆಳಗೆ ಶುಭ ಹಾರೈಕೆ ಬಂದಿತ್ತು.

ಆಯ್ಕೆಗೆ ನಾಲ್ಕು ದಿನ ಮುಂಚೆ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಜಡೆಯನ್ನು ಜಾಕೆಟ್ಟಿನೊಳಗೆ ತುರುಕಿಕೊಂಡಿದ್ದಳು.

"ಒಂದು ಕೇಳ್ಲಾ?" ಅಂದಳು.

"ಕೇಳು."

"ಕೊಯ್ಯೋ ಸುತ್ತಲ್ಲಿ ಮೇಜಿನ ಹತ್ರ ನಿಂತೇ ಕೊಯ್ಬೇಕಾ? ನಿಂತ್ಕೊಂಡ್ರೆ ನಂಗೆ ಕೈ ಓಡಲ್ಲ ಕಣೇ. ನೆಲದ ಮೇಲಾದ್ರೆ ಕಣ್ಣು ಮುಚ್ಕೊಂಡು ಕೊಯ್ತೀನಿ."

"ನಿಂತೇ ಕೊಯ್ಬೇಕು ಅಂತ ನಿಯಮದಲ್ಲೇನೂ ಇಲ್ಲ."

"ಮತ್ತೆ ನೀನು ನಿಂತ್ಕೊಂಡೇ ಕೊಯ್ದಿದ್ದೆ."

"ನಂಗೆ ಎಲ್ಲಿ ಬರ್ತಿತ್ತು ಕೊಯ್ಯೋಕೆ? ಏಳು ಗಿಡ ಕೊಯ್ದೆ, ಐದು ಉದುರಿಹೋಯ್ತು. ಎಲ್ಲಾರೂ ಚಪ್ಪಾಳೆ ತಟ್ಟಿದ್ರು."

ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಈ ಸಲ ಸಿಗ್ಲೇಬೇಕು ತಬೇಯಾ," ಅಂದಳು. "ಇಲ್ಲಾಂದ್ರೆ ಡಿಸೆಂಬರಿಂದ ಅಮ್ಮನ ಜೊತೆ ಪ್ಲಾಸ್ಟಿಕ್ ಗುಡಾರದೊಳಗೆ ಸೊಪ್ಪು ಕೊಯ್ಯೋದೇ. ಒಂದ್ಸಲ ಇಳಿದ್ರೆ ಮುಗೀತು. ನಮ್ಮಮ್ಮ ಮನೆ ಮೆಟ್ಲು ಹೆಂಗೆ ಇಳೀತಾಳೆ ಗೊತ್ತಾ? ಬೆನ್ನು ಮುಂದೆ ಮಾಡ್ಕೊಂಡು. ಏಣಿ ಇಳಿಯೋ ಥರ. ನಲವತ್ತೊಂದು ವರ್ಷ ಅವಳಿಗೆ."

"ಹಾಗಾದ್ರೆ ನೆಲಕ್ಕೆ ಇಳಿ," ಅಂದೆ. "ನಿಜವಾದ ಕೆಲ್ಸ ಹೆಂಗಿರುತ್ತೆ ಅಂತ ನೋಡ್ಲಿ."

ಹೀಗೆ ಹೇಳಿದಾಗ ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ಆಮೇಲೆ ತುಂಬ ಸಲ ಯೋಚಿಸಿದ್ದೇನೆ. ಆಗುವುದೇನೆಂದು ಗೊತ್ತಿತ್ತು ಎನ್ನಲಾರೆ. ಗೊತ್ತಿರಲಿಲ್ಲ ಎನ್ನುವುದೂ ಸುಳ್ಳಾಗುತ್ತದೆ.

ಭಾನುವಾರ ಮಧ್ಯಾಹ್ನ ಆಟದ ಹಾಲ್ ಜನರಿಂದ ತುಂಬಿತ್ತು. ಬಾಗಿಲ ಬಳಿ ಸಾಸೇಜು ಸುಡುತ್ತಿದ್ದರು, ಹೊಗೆ ಒಳಗೆ ಬರುತ್ತಿತ್ತು. ಮುಂದಿನ ಎರಡು ಸಾಲಿನಲ್ಲಿ ಊರಿನ ಅಜ್ಜಿಯರು. ನನ್ನಜ್ಜಿ ಇಲ್ಜೆಯೂ ಇದ್ದಳು. ಕೂಡುಬೇಸಾಯದ ಕಾಲದಲ್ಲಿ ಸೊಪ್ಪು ಕೊಯ್ದದ್ದೆಲ್ಲ ಈ ಎರಡು ಸಾಲಿನವರೇ. ಆಗ ಗುಡಾರವೂ ಇರಲಿಲ್ಲ, ಬಯಲಲ್ಲೇ ಮಂಜು ಒರೆಸಿ ಕೊಯ್ಯುತ್ತಿದ್ದರಂತೆ. ಅಂತೆ ಎನ್ನುತ್ತಿದ್ದೇನೆ, ಏಕೆಂದರೆ ಅಜ್ಜಿ ಆ ಬಗ್ಗೆ ಮಾತಾಡಿದ್ದೇ ಕಡಿಮೆ. ಅವಳ ಎರಡೂ ಮಂಡಿಯೊಳಗೆ ಈಗ ಲೋಹ ಇದೆ.

ಮೊದಲು ಕೂದಲು. ಪೆಗ್ಗಿ ಟೇಪು ಹಿಡಿದು ವೇದಿಕೆ ಹತ್ತಿದಳು. ಮೈಕು ಕೈಯಲ್ಲಿದ್ದರೆ ಅವಳನ್ನು ಹಿಡಿಯುವವರಿಲ್ಲ.

"ಫೆಲಿನಾ, ಎಪ್ಪತ್ತೆರಡು ಸೆಂಟಿಮೀಟರು. ಎಲ್ಲಾ ನಿಂದೇನಾ ಅಂತ ನಾನು ಕೇಳಲ್ಲ ಬಿಡಮ್ಮ, ಕೆಳಗಿನ ಒಂದು ಗೇಣು ಅಂಟಿಸಿದೋಳೇ ನಾನು."

ಕೂತಿದ್ದವರೆಲ್ಲ ನಕ್ಕರು. ಫೆಲಿನಾ ಕೂಡ ನಕ್ಕಳು. ಅವಳು ಕೆಟ್ಟವಳೇನಲ್ಲ.

"ಸ್ಮರಾಂಡಾ, ತೊಂಬತ್ತಾರು. ಕ್ಲಿಪ್ಪಿಲ್ಲ, ಅಂಟಿಲ್ಲ. ನಮ್ಮಂಗಡಿಗೆ ಹನ್ನೊಂದು ವರ್ಷದಿಂದ ಕಾಲಿಟ್ಟಿಲ್ಲ, ಪಾಪಿ."

ಆಮೇಲೆ ಪ್ರಶ್ನೆ. ರಪುಂಜೆಲ್ ಯಾಕೆ ಆಗಬೇಕು ಎಂದು ಹಾರ್ಟ್‌ವಿಗ್ ಇಬ್ಬರನ್ನೂ ಕೇಳಿದ. ಫೆಲಿನಾ ಊರಿನ ಪರಂಪರೆ, ಪ್ರಕೃತಿ, ತಾಯ್ನೆಲ ಎಂದಳು. ಮುಂದಿನ ವರ್ಷ ಲೈಪ್ಸಿಗ್‌ಗೆ ಹೋಗಿ ಮಾಧ್ಯಮ ಓದುತ್ತೇನೆ, ಊರಿನ ಹೆಸರನ್ನು ಅಲ್ಲಿಗೂ ಒಯ್ಯುತ್ತೇನೆ ಎಂದಳು. ಒಳ್ಳೆಯ ಚಪ್ಪಾಳೆ ಬಿತ್ತು.

ಸ್ಮರಾಂಡಾ ಮೈಕನ್ನು ಬಾಯಿಗೆ ತೀರ ಹತ್ತಿರ ಹಿಡಿದು, "ನಂಗೆ ಆಫೀಸಿನ ತರಬೇತಿ ಬೇಕು," ಅಂದಳು.

ಜನ ಇದಕ್ಕೂ ನಕ್ಕರು, ತಮಾಷೆ ಮಾಡಿದಳೆಂದು. ಅವಳು ನಗು ಮುಗಿಯುವವರೆಗೆ ಕಾದು, "ಲೆಕ್ಕಪತ್ರ ಬರುತ್ತೆ. ಎರಡು ಭಾಷೆ ಬರುತ್ತೆ. ಕೊಯ್ಲಿನೋರ ಕಾಗದಪತ್ರ ನಾನೇ ತುಂಬಿಕೊಡ್ತೀನಿ, ಈಗ್ಲೂ ಅಡುಗೆಮನೇಲಿ ಕೂತು ತುಂಬಿಕೊಡ್ತಿರೋಳು ನಾನೇ," ಅಂದಳು.

ಅದು ನಿಜ. ಆಫೀಸಿನಲ್ಲಿ ಆ ಕಾಗದಪತ್ರ ನೋಡಬೇಕಾದವಳು ನಾನು. ತಪ್ಪಿಲ್ಲದೆ ನನ್ನ ಕೈಸೇರುತ್ತಿದ್ದ ಅರ್ಜಿಗಳೆಲ್ಲ ಅವಳ ಅಕ್ಷರದವು. ಹಾರ್ಟ್‌ವಿಗ್ ಒಮ್ಮೆ ಅವುಗಳನ್ನು ನೋಡಿ ನನ್ನನ್ನು ಹೊಗಳಿದ್ದ. ಆ ಹೊಗಳಿಕೆಯನ್ನು ನಾನೇ ಇಟ್ಟುಕೊಂಡೆ.

ಕೊನೆಗೆ ಕೊಯ್ಯುವ ಸುತ್ತು. ಸೊಂಟದೆತ್ತರದ ಮೇಜು, ಬಿಳಿ ಬಟ್ಟೆ, ಮೇಲೆ ಮಣ್ಣಿನ ಸಮೇತ ಎರಡು ಮರದ ಪೆಟ್ಟಿಗೆ, ಸೊಪ್ಪು ಒತ್ತಾಗಿ ಬೆಳೆದದ್ದು. ಎರಡು ನಿಮಿಷ. ಬೇರಿಗಿಂತ ಕೂದಲೆಳೆಯಷ್ಟು ಮೇಲೆ ಕತ್ತಿ ಆಡಬೇಕು. ಮೇಲಾದರೆ ಎಲೆ ಬಿಡಿಬಿಡಿಯಾಗಿ ಉದುರುತ್ತದೆ, ಕೆಳಗಾದರೆ ಮಣ್ಣು ಬರುತ್ತದೆ. ಫೆಲಿನಾ ಕಿರುಬೆರಳು ಎತ್ತಿಕೊಂಡು ಹನ್ನೊಂದು ಗಿಡ ಕೊಯ್ದಳು. ಬಿಳಿ ಬಟ್ಟೆಯ ತುಂಬ ಬಿಡಿ ಎಲೆ. ಫೋಟೋದವನು ಸುತ್ತಲೂ ಓಡಾಡಿದ.

ಸ್ಮರಾಂಡಾ ಪೆಟ್ಟಿಗೆಯನ್ನು ಎತ್ತಿ ನೆಲದ ಮೇಲಿಟ್ಟಳು. ಜೋಳಿಗೆಯಿಂದ ಹಳೆ ಟೈರು ಕತ್ತರಿಸಿ ಮಾಡಿದ ಎರಡು ತುಂಡು ತೆಗೆದು, ಆಯ್ಕೆಗೆಂದು ಸಂಘ ಕೊಟ್ಟಿದ್ದ ಹಸಿರು ಉಡುಪಿನ ಮೇಲೇ ಮಂಡಿಗೆ ಕಟ್ಟಿಕೊಂಡಳು. ಜಡೆಯನ್ನು ಕೊರಳಿಗೆ ಎರಡು ಸುತ್ತು ಸುತ್ತಿ ತುದಿಯನ್ನು ಉಡುಪಿನ ಕತ್ತಿನೊಳಗೆ ಸಿಕ್ಕಿಸಿದಳು. ಮಂಡಿಯೂರಿದಳು. ಎಡಗೈ ತಡವುತ್ತ ಮುಂದೆ, ಬಲಗೈ ಕತ್ತಿ ಹಿಡಿದು ಹಿಂದೆ. ಕತ್ತಿಯ ಸದ್ದು ಮಾತ್ರ ಕೇಳುತ್ತಿತ್ತು, ಚಕ್ ಚಕ್ ಎಂದು ಒಂದೇ ಸಮ. ಒಂದು ನಿಮಿಷ ಆಗುವುದರೊಳಗೆ ಪೆಟ್ಟಿಗೆ ಬೋಳು. ಒಂದು ಎಲೆಯೂ ಬಿಡಿಯಾಗಿರಲಿಲ್ಲ. ಮುಗಿಸಿ ತಲೆಯೆತ್ತಿದಾಗ ಅವಳ ಮುಖದಲ್ಲಿ ಗೆದ್ದೆನೆಂಬ ನಂಬಿಕೆ ಇತ್ತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದೆ ನಿಂತಿದ್ದ ಅವಳ ತಾಯಿ ವಿಯೋರಿಕಾ ಮಾತ್ರ ತಟ್ಟಿದಳು, ನಾಲ್ಕೈದು ಸಲ, ಆಮೇಲೆ ಕೈ ಇಳಿಸಿದಳು. ಮುಂದಿನ ಎರಡು ಸಾಲಿನ ಅಜ್ಜಿಯರು ತಮ್ಮ ಕೈಚೀಲ ನೋಡುತ್ತಿದ್ದರು. ಯಾರದೋ ಮನೆಯೊಳಗಿನ ಗುಟ್ಟನ್ನು ಬೀದಿಗೆ ತಂದು ಹರಡಿದ ಹಾಗಿತ್ತು.

ತೀರ್ಪಿಗೆಂದು ಹೊರಟಾಗ ಅಜ್ಜಿ ನನ್ನ ತೋಳು ಹಿಡಿದಳು. "ಚೆನ್ನಾಗಿ ಕೊಯ್ತಾಳೆ," ಅಂದಳು. "ನಾನೂ ಹಾಗೇ ಕೊಯ್ತಿದ್ದೆ. ಆದ್ರೆ ಬರ್ಲಿನ್ನಲ್ಲಿ ಹೋಗಿ ಹಿಂಗೆ ಕೂತ್ರೆ ನಮ್ಮನ್ನ ಏನು ಅಂದ್ಕೋತಾರೇ? ಬೇಡ."

ಬಟ್ಟೆ ಬದಲಿಸುವ ಕೋಣೆಯಲ್ಲಿ ಮೂವರೂ ಬೆಂಚಿನ ಮೇಲೆ ಕೂತೆವು. ಹಳೆಯ ಬೂಟಿನ ವಾಸನೆ.

"ಹುಡುಗಿ ಒಳ್ಳೇಳೇ," ಹಾರ್ಟ್‌ವಿಗ್ ಶುರು ಮಾಡಿದ. "ನಾನೇನೂ ಅಲ್ಲ ಅನ್ನಲ್ಲ. ಆದ್ರೆ ರಪುಂಜೆಲ್ ಕಿಟಕೀಲಿ ಕೂರೋಳು. ನೆಲದ ಮೇಲೆ ತೆವಳೋಳಲ್ಲ."

"ಕಿಟಕೀಲಿ ಕೂತೋಳು ಸೊಪ್ಪು ಯಾವಾಗ ಕೊಯ್ದಳು? ಕೊಯ್ಯೋ ಸುತ್ತು ಇಟ್ಟೋನು ನೀನೇ ಅಲ್ವಾ?" ಅಂದಳು ಪೆಗ್ಗಿ.

"ಅದು ನೋಡೋಕೆ ಅಂತ ಇಟ್ಟಿದ್ದು ಮಾರಾಯ್ತಿ."

"ನೋಡಿದ್ವಲ್ಲ."

"ಪೆಗ್ಗಿ, ಆ ಟೈರು ತುಂಡು ನೋಡಿದ್ಯಾ? ಅದು ಪೇಪರಲ್ಲಿ ಬಂದ್ರೆ ನಾಳೆ ಕಾರ್ಮಿಕ ಸಂಘದೋರು, ತನಿಖೆಯೋರು ಎಲ್ಲಾ ಬಾಗ್ಲಲ್ಲಿ. ಮಂಡಿಗೆ ಸರಿಯಾದ ದಿಂಬು ಯಾಕೆ ಕೊಟ್ಟಿಲ್ಲ ಅಂತಾರೆ."

"ಯಾಕೆ ಕೊಟ್ಟಿಲ್ಲ?"

ಹಾರ್ಟ್‌ವಿಗ್ ತೀರ್ಪಿನ ಪುಸ್ತಕ ಬಿಡಿಸಿದ. "ನನ್ನ ಮತ ಫೆಲಿನಾಗೆ," ಅಂದ.

"ನಂದು ಸ್ಮರಾಂಡಾಗೆ. ಬರೀ ಕೂದಲು ನೋಡಿ ಹಾಕ್ತಿದೀನಿ ಅಂತ ಬರ್ಕೋ, ಬೇರೆ ಕಾರಣ ಬೇಡ," ಅಂದಳು ಪೆಗ್ಗಿ.

ಇಬ್ಬರೂ ನನ್ನ ಕಡೆ ನೋಡಿದರು.

ಹಾರ್ಟ್‌ವಿಗ್ ನನ್ನನ್ನು ಹೆದರಿಸಿದ ಎಂದು ಹೇಳಿದರೆ ನನಗೆ ಅನುಕೂಲ. ಅವನು ಹೆದರಿಸಲಿಲ್ಲ. ಬಹಳ ಸಮಾಧಾನದಿಂದ ಮಾತಾಡಿದ.

"ನೋಡು ತಬೇಯಾ, ಬರೋ ಬೇಸಿಗೇಲಿ ನಿನ್ನ ಪರೀಕ್ಷೆ. ಆಮೇಲೆ ನಿನ್ನನ್ನ ಖಾಯಂ ಮಾಡ್ಕೋಬೇಕು ಅಂತ ನಂಗೂ ಇದೆ. ಫೆಲಿನಾ ಆದ್ರೆ ತರಬೇತಿಗೆ ಬರಲ್ಲ, ಅವಳು ಲೈಪ್ಸಿಗ್‌ಗೆ ಹೋಗೋಳು. ಹುದ್ದೆ ಖಾಲಿ ಬಿದ್ದಿರುತ್ತೆ, ಅಷ್ಟೇ. ಈ ಹುಡುಗಿ ಆದ್ರೆ ಬಂದು ಕೂರ್ತಾಳೆ. ಕೂರ್ಲಿ, ಬೇಡ ಅನ್ನಲ್ಲ. ಆದ್ರೆ ನಮ್ಮಾಫೀಸಲ್ಲಿ ಇಬ್ಬರಿಗೆ ಕೆಲ್ಸ ಇಲ್ಲ ಅಂತ ನಿಂಗಿಂತ ಚೆನ್ನಾಗಿ ಯಾರಿಗೆ ಗೊತ್ತು."

"ಥೂ," ಅಂದಳು ಪೆಗ್ಗಿ. ಅವನಿಗೆ ಅಂದಳೋ ನನಗೋ ತಿಳಿಯಲಿಲ್ಲ.

ನಾನು ಎರಡು ವರ್ಷ ನನ್ನ ಕುರ್ಚಿಯ ಬಗ್ಗೆ ಹೆಮ್ಮೆಪಟ್ಟಿದ್ದೆ. ನಮ್ಮ ಮನೆತನದಲ್ಲಿ ಕುರ್ಚಿಯ ಮೇಲೆ ಕೂತು ಕೆಲಸ ಮಾಡಿದ ಮೊದಲ ಹೆಂಗಸು ನಾನು. ಆ ಕುರ್ಚಿ ನನಗೆ ಬಂದದ್ದು ಏಳು ಗಿಡ ಕೊಯ್ದು ಐದನ್ನು ಉದುರಿಸಿದ್ದಕ್ಕೆ. ಅವಳು ಬಂದರೆ ಆರು ತಿಂಗಳಲ್ಲಿ ನನಗಿಂತ ಚೆನ್ನಾಗಿ ಎಲ್ಲವನ್ನೂ ಮಾಡುತ್ತಾಳೆ. ಇದು ಹಾರ್ಟ್‌ವಿಗ್‌ಗೆ ಗೊತ್ತಿತ್ತು, ಪೆಗ್ಗಿಗೂ ಗೊತ್ತಿತ್ತು. ಸ್ಮರಾಂಡಾಗೆ ಮಾತ್ರ ಅದು ನನ್ನ ವಿರುದ್ಧದ ವಿಷಯ ಎಂದು ಹೊಳೆದಿರಲಿಲ್ಲ.

"ಫೆಲಿನಾ," ಅಂದೆ.

"ಕಾರಣ?" ಹಾರ್ಟ್‌ವಿಗ್ ಪೆನ್ನು ಹಿಡಿದು ಕೇಳಿದ. ಪುಸ್ತಕದಲ್ಲಿ ಕಾರಣ ಬರೆಯಬೇಕೆಂಬ ನಿಯಮ.

"ಮಂಡಿಯೂರಿದ್ದು."

ಅವನು ಬರೆದುಕೊಂಡ. ಪೆಗ್ಗಿ ಟೇಪನ್ನು ಬೆರಳಿಗೆ ಸುತ್ತುತ್ತ ಎದ್ದು, ನಮ್ಮಿಬ್ಬರಿಗೂ ಕಾಯದೆ ಹೊರಗೆ ಹೋದಳು.

ಹೆಸರು ಕೂಗಿದಾಗ ಸ್ಮರಾಂಡಾ ಅಳಲಿಲ್ಲ. ಫೆಲಿನಾಳ ಕೈ ಕುಲುಕಿದಳು. ಸಂಘದ ಹಸಿರು ಉಡುಪನ್ನು ಬಿಚ್ಚಿ, ಮಣ್ಣು ಹತ್ತಿದ ಕಡೆ ಒದ್ದೆ ಬಟ್ಟೆಯಿಂದ ಒರೆಸಿ, ಮಡಿಚಿ ನನ್ನ ಕೈಗೇ ಕೊಟ್ಟಳು.

"ಹೋಗ್ಲಿ ಬಿಡು," ಅಂದಳು. "ನೀನು ನಂಗೆ ಮತ ಹಾಕಿದ್ಯಲ್ಲ, ಅಷ್ಟು ಸಾಕು. ನಮ್ಮಮ್ಮ ಹೇಳ್ತಿದ್ಲು, ಒಬ್ರೂ ಹಾಕಲ್ಲ ಅಂತ."

ನಾನು ಉಡುಪು ತೆಗೆದುಕೊಂಡೆ. ಮಡಿಕೆ ಸರಿಯಾಗಿಯೇ ಇದ್ದರೂ ಇನ್ನೊಮ್ಮೆ ಮಡಿಚಿದೆ. ಪಕ್ಕದಲ್ಲಿ ಪೆಗ್ಗಿ ಸಾಸೇಜು ತಿನ್ನುತ್ತ ನಿಂತಿದ್ದಳು. ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

ಮೂರು ವಾರ ಕಳೆಯಿತು. ಡಿಸೆಂಬರಿನ ಮೊದಲ ಸೋಮವಾರ ಕೊಯ್ಲಿಗೆ ಹೊಸಬರನ್ನು ಸೇರಿಸಿಕೊಳ್ಳುವ ದಿನ. ಆಫೀಸಿನ ಹೊರಗೆ ಇಪ್ಪತ್ತು ಜನರ ಸಾಲು. ಎಲ್ಲರೂ ಹಿಂದಿನ ರಾತ್ರಿ ರುಮೇನಿಯಾದ ಬಸ್ಸಿನಿಂದ ಇಳಿದವರು, ಒಬ್ಬಳನ್ನು ಬಿಟ್ಟು. ಸ್ಮರಾಂಡಾ ಆ ಸಾಲಿನಲ್ಲಿ ಹನ್ನೆರಡನೆಯವಳು. ತನ್ನ ಮುಂದಿದ್ದವರ ಅರ್ಜಿಗಳನ್ನೆಲ್ಲ ಗೋಡೆಗೊತ್ತಿ ತುಂಬಿಸಿಕೊಡುತ್ತಲೇ ಮುಂದೆ ಬಂದಳು. ಅವಳ ಕೂದಲು ಕಿವಿಯವರೆಗೆ ಮಾತ್ರ ಇತ್ತು.

"ಕತ್ತರಿಸ್ಕೊಂಡ್ಯಾ?" ಅಂದೆ.

"ಗುಡಾರದೊಳಗೆ ಜಡೆ ಒದ್ದೆ ಆದ್ರೆ ಒಣಗಲ್ಲ. ಪೆಗ್ಗಿ ಹತ್ರ ಹೋಗಿದ್ದೆ."

ಪೆಗ್ಗಿಯ ಕುರ್ಚಿಯಲ್ಲಿ ಅರ್ಧ ಗಂಟೆ ಕೂತವರಿಗೆ ಊರಿನಲ್ಲಿ ತಿಳಿಯದ್ದು ಏನೂ ಉಳಿಯುವುದಿಲ್ಲ. ನಾನು ಖಾಲಿ ಅರ್ಜಿಯೊಂದನ್ನು ನನ್ನ ಮುಂದೆ ಎಳೆದುಕೊಂಡೆ. ಕಣ್ಣು ಕಾಗದದ ಮೇಲೇ ಇಟ್ಟುಕೊಂಡೆ. ಒಳಗಿನ ಕೋಣೆಯಿಂದ ಹಾರ್ಟ್‌ವಿಗ್ ತಲೆ ಹಾಕಿದ.

"ಓ, ಸ್ಮರಾಂಡಾ. ಒಳ್ಳೇದಾಯ್ತು. ಜನವರೀಲಿ ಬರ್ಲಿನ್ನಿಗೆ ನೀನೂ ಬಾಮ್ಮ. ಮೇಳದೋರು ಕೊಯ್ಯೋದನ್ನ ತೋರಿಸಿ ಅಂತ ಕೇಳಿದಾರೆ. ಫೆಲಿನಾ ಗೋಪುರದಲ್ಲಿ ಕೂತಿರ್ತಾಳೆ, ನೀನು ಕೆಳಗೆ ಪೆಟ್ಟಿಗೆ ಇಟ್ಕೊಂಡು ಒಂದೊಂದು ಸಲ ಕೊಯ್ದು ತೋರ್ಸು. ಮಂಡಿಗೆ ಹೊಸ ದಿಂಬು ಕೊಡಿಸ್ತೀನಿ."

"ಮೇಳಕ್ಕೆ ಮಾತ್ರನಾ, ಇಲ್ಲಿಗೂನಾ?"

"ಏನು?"

"ದಿಂಬು."

"ನೋಡೋಣ, ನೋಡೋಣ," ಅನ್ನುತ್ತ ಅವನು ಒಳಗೆ ಹೋದ.

"ನಾನು ಬರಲ್ಲ," ಎಂದು ಅವಳು ಮುಚ್ಚಿದ ಬಾಗಿಲಿಗೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಶಾಲೆಯ ಬಸ್ಸಿನಲ್ಲಿ ಎಂಟು ವರ್ಷ ನನ್ನ ಪಕ್ಕದಲ್ಲಿ ಕೂತು ಬಂದವಳು.

"ಎಲ್ಲಿ ಸಹಿ ಹಾಕ್ಬೇಕು, ತೋರ್ಸಿ," ಅಂದಳು.

"ಸ್ಮರಾಂಡಾ..."

"ಹಿಂದೆ ಎಂಟು ಜನ ಕಾಯ್ತಿದಾರೆ. ಬಸ್ಸಲ್ಲಿ ಎರಡು ದಿನ ಕೂತು ಬಂದೋರು. ಬೇಗ ಕೇಳಿ ನೀವು."

ನಾನು ಕೇಳಿದೆ. ಹುಟ್ಟಿದ ದಿನ ಕೇಳಿದೆ, ನನಗೆ ಗೊತ್ತಿದ್ದರೂ. ವಿಳಾಸ ಕೇಳಿದೆ, ನಮ್ಮ ಮನೆಯಿಂದ ನಾಲ್ಕನೆಯ ಮನೆಯಾದರೂ. ಆಮೇಲೆ ಈ ವರ್ಷ ವಿಮೆಯವರು ಹೊಸದಾಗಿ ಸೇರಿಸಿದ್ದ ಪ್ರಶ್ನೆ ಬಂತು.

"ಬೆನ್ನು ಅಥವಾ ಮಂಡಿಯಲ್ಲಿ ತೊಂದರೆ ಇದೆಯಾ?"

"ಇನ್ನೂ ಇಲ್ಲ. ಹಾಗೇ ಬರ್ಕೊಳ್ಳಿ."

ಅರ್ಜಿಯಲ್ಲಿ ಹೌದು, ಇಲ್ಲ ಎಂಬ ಎರಡೇ ಚೌಕ ಇದ್ದವು. ನಾನು ಇಲ್ಲ ಎಂಬುದಕ್ಕೆ ಗುರುತು ಹಾಕಿ, ಮುಂದಿನವಳನ್ನು ಕರೆದೆ.